ಅಕ್ಕನ ಕಣ್ಣು, ಆಯಿಯ ನಾಲಿಗೆ

ಆ ಮಧ್ಯಾಹ್ನ ನಿಜವಾಗಿ ಏನು ನಡೆಯಿತೆಂದು ನನಗೆ ಖಾತ್ರಿಯಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಸಿಂದಗಿಯಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು, ಅತ್ತೆ ಮತ್ತು ವಿಧವೆ ಸೊಸೆ. ಅವರ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಸೊಸೆ ಕಟ್ಟೆಯ ಮೇಲಿಂದ ತಟ್ಟನೆ ಎದ್ದು "ಒಲ್ಲೆ" ಎನ್ನುತ್ತಾಳೆ. ಇನ್ನೊಂದರಲ್ಲಿ ಅತ್ತೆ ತನ್ನ ಅಂಗೈ ಚಾಚುತ್ತಾಳೆ. ಅಂಗೈ ಒದ್ದೆಯಾಗಿದೆ, ಅದರಲ್ಲಿ ಏನೂ ಇಲ್ಲ. ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕು ಎಂದು ಬಹಳ ವರ್ಷ ನಂಬಿದ್ದೆ.

ಕಳೆದ ತಿಂಗಳು ಚಾಳೀಸು ಮಾಡಿಸಿಕೊಳ್ಳಲು ವಿಜಯಪುರದ ಕಣ್ಣಿನ ಡಾಕ್ಟರೊಬ್ಬರ ಬಳಿ ಹೋಗಿದ್ದೆ. ನರ್ಸು ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಕೂತಿರಲು ಹೇಳಿದಳು. ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಇಳಿಯಿತು. ಕಣ್ಣಿಗೆ ಹಾಕಿದ್ದು ಮೂಗಿನ ಒಳಗಿನಿಂದ ಬಾಯಿಗೆ ಬರುತ್ತದೆ ಎಂಬುದು ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಆ ಕಹಿಯ ಜೊತೆಗೆ ಒಂದು ದನಿಯೂ ಬಂತು... "ಸರ, ಕಣ್ಣಾಗ ಹಾಕಿದ್ದು ಬಾಯಾಗ ಕಹಿ ಹತ್ತಾಕತ್ತೈತಿ. ಕಣ್ಣಿಗೂ ಬಾಯಿಗೂ ಹಾದಿ ಐತೇನ್ರಿ?" ಸೊಲ್ಲಾಪುರದ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಆ ಸೊಸೆ ಹಾಗೆ ಕೇಳಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅತ್ತೆಯನ್ನು ಓಣಿಯೆಲ್ಲ ಆಯಿ ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತಿದ್ದೆ.

ಧಾರವಾಡದಲ್ಲಿ ಎಂ.ಎ. ಮುಗಿಸಿದ ಮೇಲೆ ನಾನು ಅತಿಥಿ ಉಪನ್ಯಾಸಕನಾಗಿ ಊರೂರು ತಿರುಗಿದೆ. ಒಂದು ವರ್ಷ ಇಂಡಿ, ಆಮೇಲೆ ಸಿಂದಗಿ, ಆಮೇಲೆ ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ. ಎಲ್ಲ ಕಡೆಯೂ ಒಂದೇ ಬಗೆಯ ಬಾಡಿಗೆ ಕೋಣೆ, ಒಂದೇ ಬಗೆಯ ಕಟ್ಟೆ. ಹೀಗಾಗಿ ಒಂದು ಊರಿನ ಬಾಗಿಲನ್ನು ಇನ್ನೊಂದು ಊರಿನ ಗೋಡೆಗೆ ಹಚ್ಚುವುದು ನನ್ನ ನೆನಪಿನ ಚಾಳಿ. ಸಿಂದಗಿಯ ಮನೆಯ ಹೊಸ್ತಿಲಿಗೆ ಹಸಿರು ಬಣ್ಣವಿತ್ತು ಎಂದು ಬರೆಯಹೊರಟವನು ಈಗಷ್ಟೇ ನಿಲ್ಲಿಸಿದೆ. ಅದು ಬಾಗೇವಾಡಿಯದೇ ಇರಬೇಕು.

ಆದರೆ ಆಯಿಯ ಕೆಲಸದ ಬಗ್ಗೆ ನನಗೆ ಸಂದೇಹವಿಲ್ಲ, ಅದನ್ನು ಹಲವು ಸಲ ಕಣ್ಣಾರೆ ಕಂಡಿದ್ದೇನೆ. ಆಯಿ ನಾಲಿಗೆಯಿಂದ ಕಣ್ಣಿನ ಕಸ ತೆಗೆಯುತ್ತಿದ್ದಳು. ಜೋಳದ ರಾಶಿಯ ದಿನಗಳಲ್ಲಿ ಮಷಿನ್ನಿಗೆ ತೆನೆ ಕೊಡುವವರ ಕಣ್ಣಿಗೆ ಹೊಟ್ಟು ಹಾರಿ ಬೀಳುವುದು ದಿನದ ಮಾತು. ಕಣ್ಣು ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಂಡು, ಟವೆಲ್ಲು ಒತ್ತಿಕೊಂಡು ಅವರು ಕಟ್ಟೆಗೆ ಬರುತ್ತಿದ್ದರು. ಆಯಿ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುತ್ತಿದ್ದಳು. ಬಂದವನನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿ, ಹಿಂದಿನಿಂದ ಯಾರಾದರೂ ಅವನ ತಲೆ ಹಿಡಿದುಕೊಳ್ಳಬೇಕಿತ್ತು. ಹೆಬ್ಬೆರಳಿನಿಂದ ರೆಪ್ಪೆ ಎತ್ತಿ, ನಾಲಿಗೆಯ ತುದಿಯನ್ನು ಕಣ್ಣಿನ ಮೇಲೆ ಒಮ್ಮೆ ಎಳೆದು, ಆಯಿ ತನ್ನ ಅಂಗೈಗೆ ಉಗುಳಿ ತೋರಿಸುತ್ತಿದ್ದಳು. ಅಲ್ಲಿ ಹೊಟ್ಟಿನ ಚೂರೋ, ಮರಳ ಹರಳೋ ಇರುತ್ತಿತ್ತು. ಕಸವನ್ನು ಕಣ್ಣಿಂದ ನೋಡದೆ ಯಾರೂ ಮೆಟ್ಟಿಲು ಬಿಟ್ಟು ಏಳುತ್ತಿರಲಿಲ್ಲ.

ನಾನು ಆಗ ಯಾವುದನ್ನೂ ನಂಬದ ವಯಸ್ಸಿನಲ್ಲಿದ್ದೆ. ಆಯಿ ಮೊದಲೇ ಒಂದು ಚೂರನ್ನು ದವಡೆಯಲ್ಲಿ ಇಟ್ಟುಕೊಂಡಿರುತ್ತಾಳೆ ಎಂಬುದು ನನ್ನ ಸಿದ್ಧಾಂತ. ಒಂದು ದಿನ ಕೇಳಿಯೇಬಿಟ್ಟೆ, ಮೊದಲು ಬಾಯಿ ತೆರೆದು ತೋರಿಸು ಎಂದು. ಆಯಿಗೆ ಸಿಟ್ಟು ಬರಲಿಲ್ಲ. ಬಾಯಿ ಅಗಲಿಸಿದಳು.

"ನೋಡಪಾ ಮಾಸ್ತರ. ಬೇಕಾದ್ರ ಬಟ್ಟ ಹಾಕಿ ನೋಡು. ಕಡಿಯಾಕ ಹಲ್ಲಿಲ್ಲ, ಅಂಜಬ್ಯಾಡ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನು ಬೆರಳು ಹಾಕಿ ನೋಡಲಿಲ್ಲ. ಸಿದ್ಧಾಂತವನ್ನೂ ಬಿಡಲಿಲ್ಲ.

ಅಕ್ಕ ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಮಷಿನ್ನು ಇಟ್ಟುಕೊಂಡು ಜಂಪರು ಹೊಲಿಯುತ್ತಿದ್ದಳು. ಖಣದ ಜಂಪರಿಗೆ ಅವಳೇ ಆಗಬೇಕು ಎನ್ನುವ ಹೆಂಗಸರು ಸುತ್ತಲ ಹಳ್ಳಿಗಳಿಂದ ಬರುತ್ತಿದ್ದರು. ಅವಳ ಗಂಡ ಸಾಂಗಲಿ ಕಡೆ ಲಾರಿ ನಡೆಸುತ್ತಿದ್ದವನು, ನಾನು ಬರುವ ಮೊದಲೇ ತೀರಿಕೊಂಡಿದ್ದ. ಕಾಮಾಲೆಯಾಗಿತ್ತು ಎಂದು ಓಣಿಯಲ್ಲಿ ಹೇಳುತ್ತಿದ್ದರು. ಅತ್ತೆ ಸೊಸೆ ಜಗಳವಾಡುತ್ತಿರಲಿಲ್ಲ, ಹೆಚ್ಚು ಮಾತೂ ಆಡುತ್ತಿರಲಿಲ್ಲ. ಒಬ್ಬಳ ಹೊಲಿಗೆ, ಒಬ್ಬಳ ಕಟ್ಟೆ.

ಆ ವರ್ಷ ರಾಶಿಯ ಹೊತ್ತಿಗೆ ಅಕ್ಕ ಇಲ್ಲದ ನೊಣ ಹೊಡೆಯಲು ಶುರುಮಾಡಿದಳು. ಹೊಲಿಯುತ್ತ ಹೊಲಿಯುತ್ತ ಎಡಗೈಯಿಂದ ಮುಖದ ಮುಂದೆ ಗಾಳಿ ಬೀಸುವಳು. "ಸುಡಗಾಡ ನೊಣಾ" ಎನ್ನುವಳು. ನೊಣ ಇರಲಿಲ್ಲ. ಕೇಳಿದರೆ, ಎಡಗಣ್ಣಿನಲ್ಲಿ ಕರಿ ಚುಕ್ಕೆಗಳು ಓಡಾಡುತ್ತವೆ ಎಂದಳು. ಕಣ್ಣು ಕೆಂಪಾಗಿರಲಿಲ್ಲ, ನೀರು ಸುರಿಯುತ್ತಿರಲಿಲ್ಲ, ನೋವು ಕೂಡ ಇಲ್ಲ. ಎದುರು ಮನೆಯ ವೈನಿ ತನ್ನ ಹೊಸ ಜಂಪರನ್ನು ವಾಪಸು ತಂದು ಮಷಿನ್ನಿನ ಮೇಲೆ ಒಗೆದದ್ದು ಆ ದಿನಗಳಲ್ಲೇ.

"ಯಕ್ಕಾ, ನನಗ ಎರಡು ಕೈ ಅದಾವ. ಎಡಗಡಿ ತೋಳ ನೋಡು, ಹೊಲಿಗಿ ಒಂದ ಕಡಿ, ಅರಿವಿ ಒಂದ ಕಡಿ. ಯಾರ ಮ್ಯಾಲ ಜೀವ ಇಟ್ಟು ಹೊಲದಿ?"

"ಕಣ್ಣಾಗ ಏನೋ ಬಿದ್ದೈತಿ ವೈನಿ. ಬಿಚ್ಚಿ ಹೊಲದ ಕೊಡ್ತೇನಿ."

"ಕಣ್ಣಾಗ ಬಿದ್ರ ಊರ ಹುಡುಕಬೇಕೇನು? ಮನ್ಯಾಗ ಅತ್ತಿ ಅದಾಳ!"

ಅಲ್ಲಿಗೆ ಎಲ್ಲರಿಗೂ ಖಾತ್ರಿಯಾಯಿತು. ಹೊಟ್ಟು ರೆಪ್ಪೆಯ ಕೆಳಗೆ ಕೂತುಬಿಟ್ಟಿದೆ, ಅದಕ್ಕೇ ಕಪ್ಪಾಗಿ ಆಡುತ್ತಿದೆ. ಆ ಓಣಿಯಲ್ಲಿ ಕಣ್ಣಿನ ತೊಂದರೆಗೆ ಎರಡೇ ಹೆಸರಿದ್ದವು, ಕಸ ಮತ್ತು ಪೊರೆ. ಅಕ್ಕನದು ಪೊರೆಯ ವಯಸ್ಸಲ್ಲ. ಹಾಗಾದರೆ ಕಸವೇ.

ಮೊದಲ ನೆನಪು ಇಲ್ಲಿಯದು. ಮಧ್ಯಾಹ್ನ, ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದಿತ್ತು. ಆಯಿ ಬಾಯಿ ಮುಕ್ಕಳಿಸಿ ಚೊಂಬು ಕೆಳಗಿಟ್ಟಳು.

"ಬಾ, ಕುಂದರು. ಊರ ಮಂದಿ ಕಣ್ಣ ನೋಡ್ತೇನಿ, ಮನ್ಯಾಗಿಂದ ಬಿಡ್ಲೇನು?"

"ಒಲ್ಲೆರಿ ಅತ್ತಿ. ತಾನ ಹೋಗತೈತಿ ಬಿಡ್ರಿ."

"ತಾನ ಹೋಗಾಕ ಅದೇನ ಬೀಗರ ಮಂದಿಯೇನು? ಕುಂದರು ಅಂದ್ರ ಕುಂದರು."

ಅಕ್ಕ ಕಟ್ಟೆಯ ಅಂಚಿಗೆ ಕೂತಳು. ಆಯಿ ಅವಳ ಗದ್ದ ಹಿಡಿದಳು. ಅಕ್ಕ ಕೈ ಕೊಸರಿಕೊಂಡು ತಟ್ಟನೆ ಎದ್ದಳು. ಚೊಂಬು ಉರುಳಿತು. "ಒಲ್ಲೆ" ಎಂದು ಕೂಗಿದಳು, ಈ ಸಲ 'ರಿ' ಇಲ್ಲದೆ. ನನಗೆ ಚೆನ್ನಾಗಿ ನೆನಪಿರುವುದು ಅದೇ. ಅವಳು ಅತ್ತೆಗೆ ಹಾಗೆ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ನನ್ನ ನಾಲಿಗಿ ನಿನಗ ಹೊಲಸ ಆತೇನ?" ಆಯಿ ಕೇಳಿದಳು. ದನಿ ಸಣ್ಣದಾಗಿತ್ತು.

ಅಕ್ಕ ಒಳಗೆ ಹೋಗಿ ಮಷಿನ್ನಿನ ಮುಂದೆ ಕುಳಿತು ತುಳಿಯತೊಡಗಿದಳು. ಮಷಿನ್ನಿಗೆ ದಾರ ಪೋಣಿಸಿರಲಿಲ್ಲ.

ಓಣಿಗೆ ಇಷ್ಟು ಸಾಕಾಯಿತು. ಊರಿನ ಕಣ್ಣೆಲ್ಲ ಆಯಿಯ ಕೈಗೆ ಬರುತ್ತವೆ, ಸ್ವಂತ ಸೊಸೆಗೆ ಅಸಹ್ಯವಂತೆ ಎಂಬ ಮಾತು ನೀರಿನ ನಳದವರೆಗೆ ಹೋಯಿತು. ವೈನಿ ನನ್ನನ್ನೇ ತಡೆದು ಕೇಳಿದಳು, "ಮಾಸ್ತರ, ನೀವ ಏನರ ಕಿವಿ ಊದೀರೇನು? ಬಾಯಾಗ ಹುಳಾ ಇರ್ತಾವು, ಹಂಗ ಹಿಂಗ ಅಂತ?" ನಾನು ಇಲ್ಲವೆಂದೆ. ನಂಬಿದಂತೆ ಕಾಣಲಿಲ್ಲ. ಅದು ನ್ಯಾಯವೇ, ಓಣಿಯಲ್ಲಿ ಆಯಿಯ ಬಾಯಿ ತೆರೆಸಿ ನೋಡಿದವನು ನಾನೊಬ್ಬನೇ.

ಆಮೇಲಿನದು ಬೇಗ ಬೇಗ ನಡೆಯಿತೋ, ವಾರಗಳೇ ಹಿಡಿದವೋ ಹೇಳಲಾರೆ. ಅಕ್ಕ ಎಡಗಡೆಯ ಬಾಗಿಲ ಚೌಕಟ್ಟಿಗೆ ಹಾಯತೊಡಗಿದಳು. ಚಹಾವನ್ನು ಕಪ್ಪಿನ ಪಕ್ಕಕ್ಕೆ ಸುರಿದಳು. ಬಲಗಣ್ಣು ಮುಚ್ಚಿದರೆ ಎಡಗಣ್ಣಿನ ಮುಂದೆ ಯಾರೋ ಕಂಬಳಿ ಇಳಿಬಿಟ್ಟ ಹಾಗಿದೆ ಎಂದು ಒಂದು ಸಲ ನನಗೆ ಹೇಳಿದಳು. ಹೇಳುವಾಗ ಅವಳ ಕೈ ಬಲಗಣ್ಣಿನ ಮೇಲೇ ಇತ್ತು, ಅದನ್ನು ಕಾಯುತ್ತಿರುವವಳ ಹಾಗೆ.

ಎರಡನೆಯ ನೆನಪು ಅಲ್ಲೆಲ್ಲೋ ಬರುತ್ತದೆ... ಆಯಿ ಒಳಮನೆಯಿಂದ ಹೊರಗೆ ಬರುತ್ತಾಳೆ. ಹಿಂದೆ ಅಕ್ಕ, ಸೆರಗಿನಿಂದ ಎಡಗಣ್ಣು ಒತ್ತಿಕೊಂಡು. ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೇನೆ. ಆಯಿ ಅಂಗೈಯನ್ನು ನನ್ನ ಮುಂದೆ ಹಿಡಿಯುತ್ತಾಳೆ.

"ಕಸ ಇಲ್ಲ ಮಾಸ್ತರ. ಇದು ಕಸದ ಕೆಲಸ ಅಲ್ಲ. ದವಾಖಾನಿಗೆ ಹೋಗೂದೈತಿ, ನೀ ನಮ್ಮ ಜೋಡಿ ಬಾ. ಅವರ ಬರದದ್ದು ನಮಗ ಓದಾಕ ಬರೂದಿಲ್ಲ."

ಈ ನೆನಪನ್ನು ನಾನು ಬಹಳ ಕಾಲ ಅನುಮಾನಿಸಿದೆ. ಒಲ್ಲೆ ಎಂದು ಕೂಗಿದವಳು ಕಣ್ಣು ಕೊಟ್ಟದ್ದು ಯಾವಾಗ? ಕೊಡದಿದ್ದರೆ ಆಯಿಯ ಅಂಗೈ ಒದ್ದೆಯಾದದ್ದು ಹೇಗೆ? ಬರೀ ರೆಪ್ಪೆ ಎತ್ತಿ ನೋಡಿ ಹೇಳಿರಬಹುದು. ಅಥವಾ ಆಯಿ ದವಾಖಾನೆಗೆ ಹೋಗೋಣ ಎಂದಷ್ಟೇ ಹೇಳಿದ್ದು, ಖಾಲಿ ಅಂಗೈಯನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಕಥೆ ಚೆಂದ ಕಾಣಲಿ ಎಂದು ನೆನಪು ಇಂಥ ಕೆಲಸ ಮಾಡುತ್ತದೆ.

ವಿಜಯಪುರದ ದೊಡ್ಡಾಸ್ಪತ್ರೆಯವರು ನೋಡಿ ಸೊಲ್ಲಾಪುರಕ್ಕೆ ಬರೆದುಕೊಟ್ಟರು. ಮೂವರೂ ಸಿಂದಗಿಯಿಂದ ಇಂಡಿಯ ಮೇಲೆ ಹೋದೆವು. ಝಳಕಿಯಲ್ಲಿ ಬಸ್ಸು ನಿಂತಾಗ ಆಯಿ ನಿದ್ದೆಯಲ್ಲಿದ್ದಳು. ಅಕ್ಕ ಮತ್ತು ನಾನು ಕೆಳಗಿಳಿದು ಚಹಾ ತೆಗೆದುಕೊಂಡೆವು. ಅವಳು ಹೆದ್ದಾರಿಯ ಲಾರಿಗಳನ್ನು ನೋಡುತ್ತ, ಹವಾಮಾನದ ಸುದ್ದಿ ಹೇಳುವವಳ ಹಾಗೆ ಹೇಳಿದಳು.

"ಸರ, ನನಗ ಆ ರೋಗ ಐತಿ. ಏಡ್ಸ್ ಅಂತಾರಲ್ಲ, ಅದು. ಇವರ ಮಗನಿಂದ ಬಂದದ್ದು. ಗುಳಿಗಿ ಕೊಟ್ಟಿದ್ರು, ದವಾಖಾನಿ ಪಾಳಿಯೊಳಗ ನಮ್ಮ ಊರವರು ಕಂಡ್ರು ಅಂತ ಬಿಟ್ಟಬಿಟ್ಟೆ. ಕಣ್ಣೀರಿನಾಗೂ ಅದು ಇರ್ತೈತಿ ಅಂತ ಒಬ್ಬಾಕಿ ಹೇಳಿದ್ಲು. ಅದಕ್ಕಽ ನೋಡ್ರಿ ಆವತ್ತ ಒಲ್ಲೆ ಅಂದದ್ದು."

"ಆಯಿಗೆ ಗೊತ್ತೇನ್ರಿ?"

ಅವಳು ಬಸ್ಸಿನ ಕಿಟಕಿಯ ಕಡೆ ತಿರುಗಿದಳು. "ಚಾ ಆರತೈತಿ, ಕುಡೀರಿ" ಎಂದಳು.

ಸೊಲ್ಲಾಪುರದ ಡಾಕ್ಟರಿಗೆ ಕನ್ನಡ ಬರುತ್ತಿತ್ತು. ಕಣ್ಣಿಗೆ ಹನಿ ಹಾಕಿಸಿ, ಕತ್ತಲ ಕೋಣೆಯಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಎರಡೂ ಕಣ್ಣು ನೋಡಿದರು. ಆಮೇಲೆ ನಮ್ಮ ಕಡೆಯ ರೋಗಿಗಳನ್ನು ಎಲ್ಲ ಡಾಕ್ಟರೂ ಕೇಳುವ ಪ್ರಶ್ನೆ ಕೇಳಿದರು.

"ಕಣ್ಣಿಗೆ ಏನರ ಹಾಕೀರೇನು? ಹಾಲು, ತಪ್ಪಲ ರಸ? ನಾಲಿಗಿ ಹಚ್ಚಿಸೀರೇನು?"

"ಇಲ್ರಿ" ಎಂದಳು ಅಕ್ಕ. ಆಯಿ ಪಕ್ಕದಲ್ಲೇ ಇದ್ದಳು, ತುಟಿ ಬಿಚ್ಚಲಿಲ್ಲ. ನನಗೆ ಅದೇ ಪುರಾವೆಯಾಯಿತು. ನಾಲಿಗೆ ಮುಟ್ಟಿಲ್ಲ, ಖಾಲಿ ಅಂಗೈ ನನ್ನ ಕಲ್ಪನೆ.

ಡಾಕ್ಟರು ಪರದೆಯ ಮೇಲೆ ಎಡಗಣ್ಣಿನ ಒಳಗಿನ ಚಿತ್ರ ತೋರಿಸಿದರು. ನಾನು ಏನೂ ಅರ್ಥವಾಗದೆ ನೋಡುತ್ತಿದ್ದೆ. ಆಯಿ ಮುಂದೆ ಬಾಗಿ, "ಮಸರಾಗ ಕೆಂಪ ಚಟ್ನಿ ಕಲಿಸಿದಂಗ ಆಗೈತಲ್ಲೋ ಯಪ್ಪಾ" ಎಂದಳು. ಡಾಕ್ಟರು ಒಂದು ಗಳಿಗೆ ಅವಳನ್ನೇ ನೋಡಿ, ಹೌದು, ಹಾಗೇ ಇರುತ್ತದೆ ಎಂದರು. ಬಿಳಿಯದು ಸತ್ತ ಜಾಗ, ಕೆಂಪು ರಕ್ತ. ಇದನ್ನು ಮಾಡುವ ವೈರಾಣು ಬಹುತೇಕ ಎಲ್ಲರ ಮೈಯಲ್ಲೂ ಮಲಗಿರುತ್ತದಂತೆ. ಏಡ್ಸ್‌ನಲ್ಲಿ ಮೈಯ ಬಲ ತೀರ ಇಳಿದಾಗ ಎಚ್ಚೆತ್ತು ಕಣ್ಣಿನ ಹಿಂದಿನ ಪದರವನ್ನು ತಿನ್ನುತ್ತದೆ. ನೋವಾಗುವುದಿಲ್ಲ, ಕೆಂಪಾಗುವುದಿಲ್ಲ, ಅದಕ್ಕೇ ಜನ ತಡಮಾಡಿ ಬರುತ್ತಾರೆ ಎಂದರು. ಎಡಗಣ್ಣಿನಲ್ಲಿ ಹೋದದ್ದು ಹೋಯಿತು. ಬಲಗಣ್ಣಿನ ಒಂದು ಅಂಚಿನಲ್ಲಿ ಈಗಷ್ಟೇ ಶುರುವಾಗಿದೆ. ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಡಬೇಕು, ಅದೂ ಮತ್ತೆ ಮತ್ತೆ. ಮುಖ್ಯವಾಗಿ ಬಿಟ್ಟ ಗುಳಿಗೆ ಮತ್ತೆ ಹಿಡಿದು, ಮುಂದೆಂದೂ ಬಿಡಬಾರದು.

"ಬಲಗಣ್ಣ ಉಳಿತೈತೇನ್ರಿ?" ಅಕ್ಕ ಕೇಳಿದಳು. "ಸೂಜಿಗೆ ದಾರ ಏರಸೂವಷ್ಟು ಉಳದ್ರ ಸಾಕ್ರಿ."

ಪ್ರಯತ್ನ ಮಾಡೋಣ ಎಂದರು ಡಾಕ್ಟರು. ಅಕ್ಕ ಏಳಲಿಲ್ಲ. ಇನ್ನೊಂದು ಕೇಳುವುದಿತ್ತು.

"ಈ ರೋಗ ಕಣ್ಣೀರಿನಿಂದ ಇನ್ನೊಬ್ಬರಿಗೆ ಹತ್ತತೈತೇನ್ರಿ?"

"ಇಲ್ಲವ್ವಾ. ಕಣ್ಣೀರಿನಿಂದ ಯಾರಿಗೂ ಬರೂದಿಲ್ಲ."

"ಖರೇನ್ರಿ? ಬಾಯಾಗ ಹೋದ್ರೂ?"

"ಬಾಯಾಗ ಹೋದ್ರೂ ಬರೂದಿಲ್ಲ."

ಆಗ ಅವಳು ಎರಡೂ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಒಂದು ಕಣ್ಣು ಹೋಯಿತೆಂದು ಕೇಳಿದಾಗ ಆಗದ ಏನೋ ಅವಳ ಮುಖದಲ್ಲಿ ಆಯಿತು. ಗಾಬರಿಯಾದವರು ಏನೇನೋ ಕೇಳುತ್ತಾರೆ ಎಂದುಕೊಂಡೆ. ರೋಗದ ಹೆಸರು ಬಂದಾಗ ಆಯಿಯ ಮುಖವನ್ನೂ ನೋಡಿದ್ದೆ. ಬೆಚ್ಚಲಿಲ್ಲ, ಯಾರಿಗೆ ಎಂದು ಕೇಳಲಿಲ್ಲ, ಚಿತ್ರವನ್ನೇ ನೋಡುತ್ತಿದ್ದಳು. ಮುದುಕಿಗೆ ಅರ್ಥವಾಗಿಲ್ಲ ಎಂದು ತೀರ್ಮಾನಿಸಿದೆ.

ಬಲಗಣ್ಣು ಉಳಿಯಿತು. ಇಂಜೆಕ್ಷನ್ನಿಗೆ ಸೊಲ್ಲಾಪುರಕ್ಕೆ ಅಷ್ಟೂ ಸಲ ಆಯಿಯೇ ಜೊತೆಗೆ ಹೋದಳು. ಮೊದಮೊದಲು ನಾನೂ ಹೋಗುತ್ತಿದ್ದೆ, ಆಮೇಲೆ ಅವರಿಗೆ ನನ್ನ ಅಗತ್ಯ ಬೀಳಲಿಲ್ಲ. ಅಕ್ಕ ತಲೆಯನ್ನು ಒಂದು ಬದಿಗೆ ವಾಲಿಸಿ ಹೊಲಿಯುವುದನ್ನು ಕಲಿತಳು. "ಕೋಳಿ ನೋಡಿದಂಗ ನೋಡ್ತೇನಿ ಸರ" ಎಂದು ತಾನೇ ನಗುತ್ತಿದ್ದಳು. ಆಯಿ ಓಣಿಗೆಲ್ಲ ಅದು ಸಕ್ಕರೆ ಕಾಯಿಲೆ ಎಂದು ಹೇಳಿಬಿಟ್ಟಳು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗುತ್ತದೆ ಎಂಬುದು ಎಲ್ಲರೂ ಕೇಳಿದ ಮಾತು, ಯಾರೂ ಮುಂದೆ ಕೆದಕಲಿಲ್ಲ. ದಿನವೂ ಕಟ್ಟೆಯ ಮೇಲಿಂದ ಎಲ್ಲರಿಗೂ ಕೇಳುವ ಹಾಗೆ, "ಏ ಹುಡುಗಿ, ಸಕ್ಕರಿ ಗುಳಿಗಿ ನುಂಗಿದೇನ?" ಎಂದು ಕೂಗುವಳು. ಚಹಾಕ್ಕೆ ಸಕ್ಕರೆ ಹಾಕಿದ್ದನ್ನು ವೈನಿ ನೋಡಬಾರದೆಂದು ಅಕ್ಕ ಬಾಗಿಲು ಮರೆಮಾಡಿ ಕುಡಿಯುವಳು. ಅತ್ತೆ ಸೊಸೆ ಕೂಡಿ ನಕ್ಕದ್ದನ್ನು ನಾನು ಕೇಳಿದ್ದು ಆ ದಿನಗಳಲ್ಲೇ.

ಮುಂದಿನ ವರ್ಷ ನಾನು ಮುದ್ದೇಬಿಹಾಳಕ್ಕೆ ಹೋದೆ. ಕೆಲವು ವರ್ಷಗಳ ನಂತರ ಅಕ್ಕ ತೀರಿಕೊಂಡ ಸುದ್ದಿ ಬಂತು, ಎದೆಗೆ ಟಿ.ಬಿ. ಆಗಿತ್ತಂತೆ. ಸುದ್ದಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಯಿ ಅವಳ ಹಿಂದೆಯೇ ಹೋದಳೆಂದು ಇನ್ನೂ ತಡವಾಗಿ ತಿಳಿಯಿತು.

ಕಣ್ಣಿಗೆ ಹನಿ ಹಾಕಿಸಿಕೊಂಡ ಮರುವಾರ ಸಿಂದಗಿಯಲ್ಲಿ ಬೇರೆ ಕೆಲಸವಿತ್ತು. ಮುಗಿಸಿಕೊಂಡು ಓಣಿಗೆ ಹೋದೆ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಕಟ್ಟೆ ಒಡೆದು ಗಾಡಿ ನಿಲ್ಲಿಸಲು ಜಾಗ ಮಾಡಿದ್ದಾರೆ. ಎದುರು ಮನೆಯ ವೈನಿ ಇದ್ದಳು. ತಲೆ ಬೆಳ್ಳಗಾಗಿದೆ, ಮಾತು ಹಾಗೇ ಇದೆ.

"ಏನ ಮಾಸ್ತರ, ಖಾಯಂ ಆತೇನ್ ನೌಕರಿ? ಇಲ್ಲ ಇನ್ನೂ ಅತಿಥಿನ?"

ಚಹಾ ಬಂದ ಮೇಲೆ ಕೇಳಿದೆ. ಆವತ್ತು ಅಕ್ಕ ಆಯಿಗೆ ಕಣ್ಣು ಕೊಟ್ಟಳೇ, ಇಲ್ಲವೇ?

"ಕೊಟ್ಲಲ್ರಿ. ನಾನಽ ತಲಿ ಹಿಡಕೊಂಡಿದ್ನಿ."

"ಒಲ್ಲೆ ಅಂದಿದ್ಲಲ್ಲ?"

"ಅದು ಮೊದಲ. ಆಮ್ಯಾಲೊಂದಿನ ಇಬ್ರೂ ಒಳಮನಿ ಬಾಗಲಾ ಹಾಕ್ಕೊಂಡು ಏನೋ ಮಾತಾಡಿದ್ರು. ಜಗಳ ಹತ್ತೈತಿ ಅಂತ ನಾ ಓಡಿ ಹೋದ್ನಿ. ಬಾಗಲಾ ತಗದ್ರ ಇಬ್ರೂ ಅಳಾಕತ್ತಿದ್ರು. 'ನನ್ನ ಮಗಂದು ನನಗ ಮೊದಲಽ ಗೊತ್ತೈತಿ, ನೀ ಕುಂದರು' ಅಂತ ಆಯಿ ಅಂದ್ಲು. ಏನ ಗೊತ್ತೈತಿ, ನನಗ ತಿಳೀಲಿಲ್ಲ. 'ನೀ ತಲಿ ಹಿಡಿ' ಅಂದ್ಲು, ಹಿಡದ್ನಿ."

"ಕಸ ಬಂತೇನ್ರಿ?"

"ಎಲ್ಲಿ ಬಂತ್ರಿ. ಬರೇ ಉಗುಳು."

ಎರಡು ನೆನಪೂ ನಿಜವಾಗಿದ್ದವು. ತಪ್ಪಿದ್ದು ನನ್ನ ತರ್ಕ. ಡಾಕ್ಟರ ಮುಂದೆ ಅಕ್ಕ "ಇಲ್ರಿ" ಎಂದದ್ದು ಆಯಿಗೆ ಬೈಗುಳ ಬೀಳದಿರಲಿ ಎಂದಿರಬೇಕು. ಇದು ಊಹೆ, ಕೇಳಲು ಈಗ ಇಬ್ಬರೂ ಇಲ್ಲ. ವೈನಿ ಇನ್ನೊಂದು ಮಾತು ಹೇಳಿದಳು.

"ಆವತ್ತಽ ಕಡೀಕ ನೋಡ್ರಿ. ಆಮ್ಯಾಲ ರಾಶಿ ಮಂದಿ ಬಂದು ಕಟ್ಟಿ ಮ್ಯಾಲ ಕುಂತ್ರೂ 'ದವಾಖಾನಿಗೆ ಹೋಗ್ರಿ, ನನಗ ವಯಸ್ಸಾತು' ಅಂತಿದ್ಲು. ಹಿಂದಿನ ದಿನ ಏನ್ ಹರೇದಾಕಿ ಇದ್ಲೇನ್ರಿ?"

ಅಕ್ಕನ ಕಣ್ಣೀರು ತಗುಲಿದ ನಾಲಿಗೆಯಿಂದ ಬೇರೆಯವರಿಗೆ ರೋಗ ಹತ್ತೀತೆಂಬ ಹೆದರಿಕೆಯೇ ಆಗಿದ್ದರೆ, ಸೊಲ್ಲಾಪುರಕ್ಕೆ ಹೋಗಿ ಬಂದ ಮೇಲೆ ಹಾಗೆ ಮಾಡಬೇಕಾದ ಅಗತ್ಯವೇ ಇರಲಿಲ್ಲ. ಡಾಕ್ಟರು ಹೇಳಿದ್ದನ್ನು ಆಯಿ ನನ್ನ ಪಕ್ಕದಲ್ಲೇ ಕೂತು ಕೇಳಿದ್ದಳು. ನಂಬಿದಳೋ, ನಂಬಿಯೂ ಬೇರೆಯವರ ಕಣ್ಣಿನ ವಿಷಯದಲ್ಲಿ ಧೈರ್ಯ ಸಾಲಲಿಲ್ಲವೋ... ಅಥವಾ ಕಸವಿಲ್ಲದ ಆ ಕಣ್ಣಾದ ಮೇಲೆ ಇನ್ನೊಂದು ಕಣ್ಣು ಬೇಡವೆನ್ನಿಸಿತೋ. ಅದು ನನಗೆ ತಿಳಿಯುವಂಥದ್ದಲ್ಲ.

ವೈನಿಯ ಮಾತೊಂದನ್ನೇ ನೆಚ್ಚಿಕೊಳ್ಳದೆ ಓಣಿಯ ಬೇರೆ ಮನೆಗಳಲ್ಲಿ ಕೇಳಿದೆ. ರಾಶಿ ಮಷಿನ್ನು ನಡೆಸುತ್ತಿದ್ದವನನ್ನು ಹುಡುಕಿ ಅವನನ್ನೂ ಕೇಳಿದೆ. ಎಲ್ಲರೂ ಅದನ್ನೇ ಹೇಳಿದರು. ಅಕ್ಕನ ಎಡಗಣ್ಣಿನ ನಂತರ ಆಯಿಯ ನಾಲಿಗೆ ಯಾರ ಕಣ್ಣನ್ನೂ ಮುಟ್ಟಿಲ್ಲ.